ಡಬ್ಬಿಯೊಳಗಿನ ಗುಮ್ಮಟ: ಗಿಟಾರ್ ಆಂಪ್‌ಗೆ ಸ್ಪ್ರಿಂಗ್ ರಿವರ್ಬ್ ಕಟ್ಟಿ ಕೂರಿಸುವ ಸಮಗ್ರ ಮಾರ್ಗದರ್ಶಿ

ಕಲಬುರಗಿ ಕೋಟೆಯೊಳಗಿನ ಜಾಮಾ ಮಸೀದಿಗೆ ತೆರೆದ ಅಂಗಳ ಇಲ್ಲ. 1367ರಲ್ಲಿ ಕಟ್ಟಿದ ಆ ಮಸೀದಿಯ ಪೂರ್ತಿ ನೆಲದ ಮೇಲೆ ಸಣ್ಣ ದೊಡ್ಡ ಗುಮ್ಮಟಗಳ ಚಾವಣಿ ಇದೆ. ಅದರ ಕಮಾನುಗಳ ನಡುವೆ ನಿಂತು ಒಂದು ಮಾತು ಆಡಿ ನೋಡಿ. ಮಾತು ನಿಂತ ಮೇಲೂ ಅದರ ನೆರಳು ಒಂದು ಗಳಿಗೆ ಉಳಿಯುತ್ತದೆ. ವಿಜಯಪುರದ ಗೋಲಗುಮ್ಮಟದ್ದು ಬೇರೆ ಕಥೆ. ಅಲ್ಲಿ ಚಪ್ಪಾಳೆ ತಟ್ಟಿದರೆ ಅದೇ ಚಪ್ಪಾಳೆ ಎಣಿಸುವ ಹಾಗೆ ಬಿಡಿಬಿಡಿಯಾಗಿ ವಾಪಸ್ ಬರುತ್ತದೆ, ಅದು ಎಕೋ. ಎಣಿಸಲಿಕ್ಕೆ ಆಗದ ಹಾಗೆ ಒಂದರ ಮೇಲೊಂದು ಬಿದ್ದು ಕರಗಿ ಹೋದರೆ ರಿವರ್ಬ್.

ನನ್ನ ಹತ್ತಿರ ಇರುವುದು 30 ವ್ಯಾಟ್‌ನ ಹಳೆಯ ಟ್ರಾನ್ಸಿಸ್ಟರ್ ಆಂಪ್, ಅಂದರೆ ಆಂಪ್ಲಿಫೈಯರ್. ಅದರಲ್ಲಿ ರಿವರ್ಬ್ ಇರಲಿಲ್ಲ. ನಮ್ಮ ಮನೆಯ ಕೋಣೆಯೋ ಹತ್ತಕ್ಕೆ ಹತ್ತು, ಒಂದು ಗೋಡೆ ತುಂಬ ಹಾಸಿಗೆ, ಕೌದಿ ಒಟ್ಟಿದ್ದಾರೆ. ಅಲ್ಲಿ ಗಿಟಾರ್ ನುಡಿಸಿದರೆ ಒಣ ರೊಟ್ಟಿ ತಿಂದ ಹಾಗೆ. ಡಿಜಿಟಲ್ ಪೆಡಲ್ ಕೊಳ್ಳಬಹುದಿತ್ತು, ಸುಲಭ ಕೂಡ. ಆದರೆ ಸ್ಪ್ರಿಂಗ್‌ನ ಆ ತೊಟ್ಟಿಕ್ಕುವ ಸದ್ದು ನನಗೆ ಅದರಲ್ಲಿ ಸಿಗಲಿಲ್ಲ. ಹಾಗಾಗಿ ಕಟ್ಟಿದೆ. ಎರಡು ಸಲ ಕಟ್ಟಿದೆ ಅನ್ನೋದೇ ಸರಿ, ಮೊದಲ ಸಲ ಕೆಟ್ಟಿತು. ಬೋರ್ಡ್‌ನಲ್ಲಿ ದೊಡ್ಡ ತಪ್ಪೇನೂ ಇರಲಿಲ್ಲ. ಟ್ಯಾಂಕ್, ಅಂದರೆ ಸ್ಪ್ರಿಂಗ್ ಇರುವ ತಗಡಿನ ಪೆಟ್ಟಿಗೆ, ಯಾವುದು ಅಂತ ನೋಡದೆ ತಂದಿದ್ದೆ, ಅದರ ವೈರ್ ಎಲ್ಲಿ ಮುಟ್ಟಬಾರದೋ ಅಲ್ಲೇ ಮುಟ್ಟಿಸಿದ್ದೆ. ಈ ಬರಹದಲ್ಲಿ ಟ್ಯಾಂಕ್ ಬಗ್ಗೆ ಮಾತು ಜಾಸ್ತಿ ಇರೋದು ಅದಕ್ಕೇ.

ಟ್ಯಾಂಕ್ ಒಳಗೆ ನಡೆಯೋದು ಏನು

ದೂರದ ಟೆಲಿಫೋನ್ ಲೈನ್‌ನಲ್ಲಿ ಮಾತು ತಡವಾಗಿ ತಲುಪುವುದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲು ಬೆಲ್ ಲ್ಯಾಬ್ಸ್‌ನವರು ಸ್ಪ್ರಿಂಗ್ ಬಳಸಿದ್ದರು. ಲಾರೆನ್ಸ್ ಹ್ಯಾಮಂಡ್ ಆ ಉಪಾಯವನ್ನು ತನ್ನ ಆರ್ಗನ್‌ಗೆ ತಂದ. 1961ರಲ್ಲಿ ಫೆಂಡರ್ ಕಂಪನಿ ಗಿಟಾರ್‌ಗಾಗಿ ಬೇರೆ ರಿವರ್ಬ್ ಪೆಟ್ಟಿಗೆ ಮಾಡಿತು. 1963ರ ವೈಬ್ರೋವರ್ಬ್‌ನಲ್ಲಿ ಅದನ್ನು ಆಂಪ್ ಒಳಗೇ ಇಟ್ಟಿತು.

ತಗಡಿನ ಪೆಟ್ಟಿಗೆಯೊಳಗೆ ಎರಡೋ ಮೂರೋ ತೆಳು ಸ್ಪ್ರಿಂಗ್ ಎಳೆದಿರುತ್ತಾರೆ. ಒಂದು ತುದಿಯಲ್ಲಿ ಒಂದು ಕಾಯಿಲ್, ಅದರ ಮುಂದೆ ಸ್ಪ್ರಿಂಗ್‌ಗೆ ಅಂಟಿಸಿದ ಜೋಳದ ಕಾಳಿನಷ್ಟು ಅಯಸ್ಕಾಂತ. ಕಾಯಿಲ್‌ನಲ್ಲಿ ಗಿಟಾರ್ ಸಿಗ್ನಲ್ ಹರಿದರೆ ಅಯಸ್ಕಾಂತ ಆಚೆ ಈಚೆ ತಿರುಗುತ್ತದೆ, ಸ್ಪ್ರಿಂಗ್ ತಿರುಚಿಕೊಳ್ಳುತ್ತದೆ. ಆ ತಿರುಚು ಇನ್ನೊಂದು ತುದಿಗೆ ಹೋಗಲು 30–40 ಮಿಲಿಸೆಕೆಂಡ್ ಬೇಕು. ಅಲ್ಲಿ ಇನ್ನೊಂದು ಅಯಸ್ಕಾಂತ, ಇನ್ನೊಂದು ಕಾಯಿಲ್, ಅದರಲ್ಲಿ ಕೆಲವೇ ಮಿಲಿವೋಲ್ಟ್ ಹುಟ್ಟುತ್ತದೆ. ತಿರುಚು ಅಷ್ಟಕ್ಕೇ ಸುಮ್ಮನಾಗದೆ ವಾಪಸ್ ಬರುತ್ತದೆ, ಮತ್ತೆ ಹೋಗುತ್ತದೆ. ಸ್ಪ್ರಿಂಗ್‌ನಲ್ಲಿ ದಪ್ಪ ಸ್ವರ ಮೊದಲು ತಲುಪಿ ತೆಳು ಸ್ವರ ಹಿಂದೆ ಬೀಳುತ್ತದೆ. ನೀರಹನಿ ತೊಟ್ಟಿಕ್ಕಿದ ಹಾಗೆ ಕೇಳೋದು ಅದಕ್ಕೇ.

ಎರಡು ವಿಷಯ ಇಲ್ಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮೊದಲನೆಯದು, ಒಳಬರುವ ಕಾಯಿಲ್ ಒಂದು ಇಂಡಕ್ಟರ್. ಸ್ವರ ತೆಳುವಾದಷ್ಟೂ ಅದರ ತಡೆ ಏರುತ್ತದೆ. ಅಯಸ್ಕಾಂತವನ್ನು ತಿರುಗಿಸೋದು ಕರೆಂಟ್, ವೋಲ್ಟೇಜ್ ಅಲ್ಲ. ಹಾಗಾಗಿ ಸ್ವರ ಯಾವುದೇ ಇರಲಿ, ಅಷ್ಟೇ ಕರೆಂಟ್ ತಳ್ಳುವ ಸರ್ಕ್ಯೂಟ್ ಬೇಕು. ಎರಡನೆಯದು, ಹೊರಬರುವ ಕಾಯಿಲ್ ಒಂದು ಒಳ್ಳೆಯ ಆಂಟೆನಾ ಕೂಡ ಹೌದು. ಟ್ರಾನ್ಸ್‌ಫಾರ್ಮರ್‌ನ 50 ಹರ್ಟ್ಜ್ ಗುಂಯ್ ಅಂತ ಅದಕ್ಕೆ ಚೆನ್ನಾಗಿ ಕೇಳುತ್ತದೆ.

ಮೊದಲು ಕೋಡ್ ಓದಿ, ಆಮೇಲೆ ದುಡ್ಡು ಕೊಡಿ

ಟ್ಯಾಂಕ್ ಮೇಲೆ ಏಳು ಅಕ್ಷರ, ಅಂಕಿಗಳ ಕೋಡ್ ಮುದ್ರಿಸಿರುತ್ತಾರೆ. ಅಕ್ಯುಟ್ರಾನಿಕ್ಸ್‌ನವರ ಪದ್ಧತಿ ಇದು, ಬೇರೆಯವರೂ ಇದನ್ನೇ ಹಿಡಿದಿದ್ದಾರೆ. ನಮಗೆ ಬೇಕಾದದ್ದು 8ಇಬಿ2ಸಿ1ಬಿ ಅಂದುಕೊಳ್ಳಿ.

ಮೊದಲ ಅಂಕಿ ಅಳತೆ. 8 ಅಂದರೆ 9.25 ಇಂಚು ಉದ್ದ, ಮೂರು ಸ್ಪ್ರಿಂಗ್. 4 ಅಂದರೆ 16.75 ಇಂಚು, ಎರಡು ಸ್ಪ್ರಿಂಗ್. ಉದ್ದದ್ದು ಹೆಚ್ಚು ಹಿತ, ಆದರೆ ನಿಮ್ಮ ಪೆಟ್ಟಿಗೆಯಲ್ಲಿ ಹಿಡಿಸಬೇಕಲ್ಲ? ಟೇಪ್ ಹಿಡಿದು ಅಳೆಯಿರಿ. ಎರಡನೆಯದು ಒಳಬರುವ ಕಾಯಿಲ್‌ನ ಇಂಪಿಡೆನ್ಸ್, ಅಂದರೆ ಸಿಗ್ನಲ್‌ಗೆ ಅದು ಒಡ್ಡುವ ತಡೆ. 4ನೇ ಮಾದರಿಯಲ್ಲಿ ಎ ಅಂದರೆ 8 ಓಮ್, ಇ ಅಂದರೆ 600 ಓಮ್. 8ನೇ ಮಾದರಿಯಲ್ಲಿ ಅದೇ ಇ 800 ಓಮ್ ಆಗುತ್ತದೆ. ಮೂರನೆಯದು ಹೊರಬರುವ ಕಾಯಿಲ್, ಬಿ ಅಂದರೆ 2,250 ಓಮ್, ಸಣ್ಣ ಮಾದರಿಯಲ್ಲಿ 2,575. ನಾಲ್ಕನೆಯದು ಬಾಲದ ಉದ್ದ, ಅಂದರೆ ರಿವರ್ಬ್ ಕರಗಲು ಹಿಡಿಯುವ ಹೊತ್ತು: 1 ಗಿಡ್ಡ, 2 ಮಧ್ಯಮ, 3 ಉದ್ದ. ಮನೆಯಲ್ಲಿ ನುಡಿಸೋದಕ್ಕೆ 2 ಸಾಕು.

ಐದನೆಯದು ಎಲ್ಲರೂ ಹಾರಿಸಿ ಓದುವ ಅಕ್ಷರ, ನಮಗೆ ಅದೇ ಮುಖ್ಯ. ಸಿ ಅಂದರೆ ಒಳಬರುವ ಸಾಕೆಟ್‌ನ ಹೊರಬಳೆ ಟ್ಯಾಂಕ್‌ನ ತಗಡಿಗೆ ತಾಗಿಲ್ಲ, ಹೊರಹೋಗುವ ಸಾಕೆಟ್‌ನದು ತಾಗಿದೆ. ನಾವು ಕಟ್ಟುವ ಸರ್ಕ್ಯೂಟ್‌ಗೆ ಇದೇ ಆಗಬೇಕು, ಕಾರಣ ಮುಂದೆ ಬರುತ್ತದೆ. ಎ ಅಥವಾ ಬಿ ಇರುವ ಟ್ಯಾಂಕ್ ಇಲ್ಲಿ ಆಗೋದಿಲ್ಲ. ಆರನೆಯದು ಸಾಗಣೆಯ ಲಾಕ್, 1 ಅಂದರೆ ಲಾಕ್ ಇಲ್ಲ. ಏಳನೆಯದು ಕೂರಿಸುವ ಭಂಗಿ: ಬಿ ಅಂದರೆ ಅಡ್ಡಡ್ಡ, ತೆರೆದ ಬಾಯಿ ಕೆಳಕ್ಕೆ. ಬೇರೆ ಭಂಗಿಯಲ್ಲಿ ಕೂರಿಸಿದರೆ ಸ್ಪ್ರಿಂಗ್ ಜೋತು ಅಯಸ್ಕಾಂತ ನಡುವಿನಿಂದ ಸರಿಯುತ್ತದೆ.

ನಾನು ಮೊದಲು ತಂದಿದ್ದರ ಎರಡನೇ ಅಕ್ಷರ ಎ, ಅಂದರೆ 8 ಓಮ್‌ನದು. ಆನ್‌ಲೈನ್ ಅಂಗಡಿಯೊಂದರಲ್ಲಿ "ಎಲ್ಲಾ ಆಂಪ್‌ಗೂ ಹೊಂದುತ್ತದೆ" ಅಂತ ಬರೆದಿದ್ದರು, ನಂಬಿದೆ. ಅದು ವಾಲ್ವ್ ಆಂಪ್‌ನಲ್ಲಿ ಸಣ್ಣ ಟ್ರಾನ್ಸ್‌ಫಾರ್ಮರ್ ಮೂಲಕ ಓಡಿಸುವ ಟ್ಯಾಂಕ್. ಅದಕ್ಕೆ ಸುಮಾರು 28 ಮಿಲಿಆಂಪ್ ಬೇಕು. 600 ಓಮ್‌ನದ್ದಕ್ಕೆ 3 ಮಿಲಿಆಂಪ್ ಸಾಕು. ಆಪ್‌ಆಂಪ್ ಐಸಿಗೆ (ಸಿಗ್ನಲ್ ಹಿಗ್ಗಿಸುವ ಸಣ್ಣ ಚಿಪ್) 28 ತಳ್ಳಲು ತ್ರಾಣ ಇಲ್ಲ. ಬಾವಿಯೊಳಗೆ ಯಾರೋ ಪಿಸುಗುಟ್ಟಿದ ಹಾಗೆ ಕೇಳಿತು.

ಕೋಡ್ ಅಳಿಸಿದ್ದರೆ ಮಲ್ಟಿಮೀಟರ್ ಇದೆ. ಮೀಟರ್ ತೋರಿಸುವುದು ತಂತಿಯ ಡಿಸಿ ತಡೆ, ಇಂಪಿಡೆನ್ಸ್ ಅಲ್ಲ, ಹಾಗಾಗಿ ಅಂಕಿ ಚಿಕ್ಕದಾಗಿ ಬರುತ್ತದೆ. ಎ ಕಾಯಿಲ್ 1 ಓಮ್‌ಗಿಂತ ಕಡಿಮೆ, ಇ ಸುಮಾರು 58, ಹೊರಬರುವ ಬಿ ಸುಮಾರು 200. ಯಾವ ತುದಿ ಒಳಗೆ, ಯಾವುದು ಹೊರಗೆ ಅನ್ನೋದೂ ಇದರಿಂದಲೇ ಗೊತ್ತಾಗುತ್ತದೆ.

ಸಾಮಾನು

ಮಾರುಕಟ್ಟೆಯಲ್ಲಿ ಸಿಗುವ ಟ್ರಾನ್ಸಿಸ್ಟರ್ ಕಿಟ್‌ಗಳ ಎಲುಬು ಹೆಚ್ಚುಕಡಿಮೆ ಒಂದೇ: ಬಫರ್ (ಗಿಟಾರ್‌ಗೆ ಹೊರೆಯಾಗದೆ ಸಿಗ್ನಲ್ ಪಡೆಯುವುದು), ಡ್ರೈವರ್ (ಟ್ಯಾಂಕ್‌ಗೆ ಕರೆಂಟ್ ತಳ್ಳುವುದು), ಟ್ಯಾಂಕ್, ರಿಕವರಿ (ಟ್ಯಾಂಕ್‌ನಿಂದ ಬಂದದ್ದನ್ನು ಹಿಗ್ಗಿಸುವುದು), ಮಿಕ್ಸರ್ (ಒಣ ಸದ್ದಿಗೆ ರಿವರ್ಬ್ ಬೆರೆಸುವುದು). ಕಿಟ್ ತರಿಸಿದರೂ ಸರಿ, ಡಾಟ್ ಬೋರ್ಡ್ ಮೇಲೆ ನೀವೇ ಕಟ್ಟಿದರೂ ಸರಿ, ಈ ಕೆಳಗಿನದನ್ನು ಜೋಡಿಸಿಕೊಳ್ಳಿ. ರೆಸಿಸ್ಟರ್, ಕೆಪಾಸಿಟರ್ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಟಿವಿ ರಿಪೇರಿ ಸಾಮಾನಿನ ಅಂಗಡಿಗಳಲ್ಲಿ ಕೇಳಿ ನೋಡಿ. ಐಸಿಗಾಗಿ ನಾನು ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಗೆ ಹೋಗಿದ್ದೆ. ಟ್ಯಾಂಕ್ ಮಾತ್ರ ತರಿಸಿಕೊಳ್ಳೋದೇ.

ಐಸಿ ಮೂರು: ಟಿಎಲ್072 ಎರಡು, ಎನ್ಇ5532 ಒಂದು, ಮೂರಕ್ಕೂ 8 ಕಾಲಿನ ಸಾಕೆಟ್. ರೆಗ್ಯುಲೇಟರ್ 7812 ಮತ್ತು 7912. 1ಎನ್4007 ಡಯೋಡ್ ನಾಲ್ಕು. 1,000 ಮೈಕ್ರೋಫ್ಯಾರಡ್ 35 ವೋಲ್ಟ್ ಕೆಪಾಸಿಟರ್ ಎರಡು. 10 ಕೆ ಲಾಗ್ ಪಾಟ್ (ತಿರುಗಿಸುವ ಕಂಟ್ರೋಲ್) ಎರಡು, ಕೆ ಅಂದರೆ ಸಾವಿರ ಓಮ್. ಕಾಲು ಇಂಚಿನ ಜ್ಯಾಕ್ ಎರಡು. ಆರ್‌ಸಿಎ ಸಾಕೆಟ್ ಎರಡು, ಅದರಲ್ಲಿ ಒಂದಕ್ಕಾದರೂ ಪ್ಲಾಸ್ಟಿಕ್ ವಾಷರ್ ಇರಲೇಬೇಕು. ಶೀಲ್ಡ್ ಇರುವ ಆರ್‌ಸಿಎ ಕೇಬಲ್ ಎರಡು. ತಗಡಿನ ಡಬ್ಬಿ, ಮೂರು ಪಿನ್ನಿನ ಪವರ್ ಕಾರ್ಡ್, 250 ಮಿಲಿಆಂಪ್ ಫ್ಯೂಸ್, ಸ್ವಿಚ್. ಉಳಿದ ಚಿಲ್ಲರೆ ರೆಸಿಸ್ಟರ್, ಕೆಪಾಸಿಟರ್‌ಗಳ ಅಳತೆ ಮುಂದೆ ಬರುತ್ತದೆ; ಅಲ್ಲಿ ಮೈಕ್ರೋ, ನ್ಯಾನೋ, ಪಿಕೋ ಅಂದರೆ ಕೆಪಾಸಿಟರ್‌ನ ಫ್ಯಾರಡ್ ಅಳತೆ.

ಟ್ರಾನ್ಸ್‌ಫಾರ್ಮರ್ 15-0-15 ತೆಗೆದುಕೊಳ್ಳಿ, 500 ಮಿಲಿಆಂಪ್ ಇದ್ದರೆ ಧಾರಾಳ. ಪುಸ್ತಕದ ಪ್ರಕಾರ 12 ವೋಲ್ಟ್ ರೆಗ್ಯುಲೇಟರ್‌ಗೆ 12-0-12 ಸಾಕು. ಆದರೆ ನಮ್ಮ ಕಡೆ ಬೇಸಿಗೆಯ ಸಂಜೆ ಕೂಲರ್‌ಗಳೆಲ್ಲ ಒಟ್ಟಿಗೆ ಶುರುವಾದಾಗ 230 ಅನ್ನೋದು 190ಕ್ಕೆ ಇಳಿದರೆ ಏನಾಗುತ್ತದೆ, ಲೆಕ್ಕ ಹಾಕಿ. 12 ವೋಲ್ಟ್‌ನ ಸುರುಳಿ 10ಕ್ಕಿಂತ ಸ್ವಲ್ಪ ಕಡಿಮೆ ಕೊಡುತ್ತದೆ. ಡಯೋಡ್ ದಾಟಿ ಸುಮಾರು 13 ವೋಲ್ಟ್ ಡಿಸಿ ಆಗುತ್ತದೆ. 7812ಕ್ಕೆ ಸರಿಯಾಗಿ ದುಡಿಯಲು 14 ಆದರೂ ಬೇಕು. ಅದು ಕೈಬಿಟ್ಟ ಕೂಡಲೇ 100 ಹರ್ಟ್ಜ್ ಗುಂಯ್‌ಗುಡುವಿಕೆ ಸಿಗ್ನಲ್‌ಗೆ ಸೇರುತ್ತದೆ. 15-0-15 ಇದ್ದರೆ 190ರಲ್ಲೂ ಸುಮಾರು 17 ವೋಲ್ಟ್ ಸಿಗುತ್ತದೆ. ರಾತ್ರಿ ವೋಲ್ಟೇಜ್ ಏರಿದರೂ 35 ವೋಲ್ಟ್ ಕೆಪಾಸಿಟರ್ ತಡೆಯುತ್ತದೆ. ಇಡೀ ಸರ್ಕ್ಯೂಟ್ 30 ಮಿಲಿಆಂಪ್ ಕೂಡ ಎಳೆಯುವುದಿಲ್ಲ, ರೆಗ್ಯುಲೇಟರ್‌ಗೆ ಹೀಟ್‌ಸಿಂಕ್ ಬೇಡ.

ಪವರ್ ಸಪ್ಲೈ ಮೊದಲು

ಫ್ಯೂಸ್, ಸ್ವಿಚ್ ಎರಡೂ ಫೇಸ್ ವೈರ್‌ನಲ್ಲಿ. ಹಸಿರು ಅರ್ಥ್ ವೈರ್ ನೇರವಾಗಿ ಡಬ್ಬಿಯ ತಗಡಿಗೆ, ಬಣ್ಣ ಕೆರೆದು, ಸ್ಟಾರ್ ವಾಷರ್ ಹಾಕಿ ಬಿಗಿ ಮಾಡಿ. ಗುಂಯ್ ಹೋಗಲಿ ಅಂತ ಅರ್ಥ್ ಪಿನ್ ಮುರಿಯುವವರು ಇದ್ದಾರೆ. ಅದನ್ನು ಮಾತ್ರ ಮಾಡಬೇಡಿ, ಕೈಯಲ್ಲಿ ಹಿಡಿಯುವುದು ಲೋಹದ ತಂತಿಯ ವಾದ್ಯ.

ಟ್ರಾನ್ಸ್‌ಫಾರ್ಮರ್‌ನ ಎರಡು 15ರ ತುದಿಗಳು ನಾಲ್ಕು ಡಯೋಡ್‌ಗಳ ಬ್ರಿಡ್ಜ್‌ನ ಎಸಿ ಕಡೆಗೆ. ನಡುವಿನ 0 ನಮ್ಮ ಗ್ರೌಂಡ್. ಬ್ರಿಡ್ಜ್‌ನ ಪ್ಲಸ್‌ನಿಂದ ಒಂದು 1,000 ಮೈಕ್ರೋ ಗ್ರೌಂಡ್‌ಗೆ. ಮೈನಸ್‌ಗೆ ಇನ್ನೊಂದು, ಇದರ ಪ್ಲಸ್ ಕಾಲು ಗ್ರೌಂಡ್ ಕಡೆ ಇರಬೇಕು. ಈಗ ರೆಗ್ಯುಲೇಟರ್. ಅಕ್ಷರ ಕಾಣುವ ಮುಖ ನಿಮ್ಮ ಕಡೆ ಇಟ್ಟುಕೊಂಡರೆ 7812ರ ಕಾಲುಗಳು ಎಡದಿಂದ ಒಳಗೆ, ಗ್ರೌಂಡ್, ಹೊರಗೆ. 7912ರದ್ದು ಗ್ರೌಂಡ್, ಒಳಗೆ, ಹೊರಗೆ. ನೋಡಲು ಅವಳಿ ಜವಳಿ, ಕಾಲು ಬೇರೆ. ನಾನು ಎರಡನ್ನೂ ಒಂದೇ ಅಂದುಕೊಂಡು ಬೆಸುಗೆ ಹಾಕಿ ಒಂದು 7912 ಸುಟ್ಟಿದ್ದೇನೆ. ಪ್ರತಿಯೊಂದರ ಒಳಗೂ ಹೊರಗೂ 100 ನ್ಯಾನೋ, ಹೊರಗೆ ಹೆಚ್ಚುವರಿ 10 ಮೈಕ್ರೋ.

ಮೊದಲ ಸಲ ಸೀರೀಸ್ ಬೋರ್ಡ್ (ಫೇಸ್ ವೈರ್‌ನ ನಡುವೆ ಒಂದು ಬಲ್ಬ್ ಇರುವ ಬೋರ್ಡ್) ಮೂಲಕವೇ ಕರೆಂಟ್ ಕೊಡಿ. 40 ವ್ಯಾಟ್‌ನ ಹಳೇ ಬಲ್ಬ್ ಸಾಕು, ಎಲ್ಇಡಿ ಆಗದು. ಬಲ್ಬ್ ಒಮ್ಮೆ ಮಿನುಗಿ ಆರಿದರೆ ಸರಿ, ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್. ಆಮೇಲೆ ಐಸಿ ಇಲ್ಲದ ಖಾಲಿ ಸಾಕೆಟ್‌ಗಳಲ್ಲಿ 8ನೇ ಕಾಲಿಗೆ ಪ್ಲಸ್ 12, 4ನೇ ಕಾಲಿಗೆ ಮೈನಸ್ 12 ಬಂತಾ ನೋಡಿ. ಬರುವವರೆಗೆ ಐಸಿ ಮುಟ್ಟಬೇಡಿ.

ಬೆಸುಗೆಯ ಬಗ್ಗೆ ಒಂದು ಊರ ಮಾತು. ಫ್ಯಾನ್ ಕೆಳಗೆ ಬೆಸುಗೆ ಹಾಕಿದರೆ ಸೀಸ ಬೇಗ ಆರಿ ಒರಟಾಗುತ್ತದೆ, ಜಾಯಿಂಟ್ ಕಚ್ಚುವುದಿಲ್ಲ. ಏಪ್ರಿಲ್‌ನಲ್ಲಿ ಕಲಬುರಗಿಯಲ್ಲಿ ಫ್ಯಾನ್ ಆಫ್ ಮಾಡಿ ಕೂರೋದು ಅಂದರೆ ತಪಸ್ಸು. ನಾನು ಬೆಳಿಗ್ಗೆ ಆರಕ್ಕೆ ಕಿಟಕಿ ತೆಗೆದು ಕೂತು ಎಂಟಕ್ಕೆ ಎದ್ದುಬಿಡುತ್ತಿದ್ದೆ. ಹೊಗೆ ಹೊರಗೆ ಹೋಗಲಿ, ಕೆಲಸ ಆದ ಮೇಲೆ ಕೈ ತೊಳೆಯಿರಿ.

ಬೋರ್ಡ್, ಒಂದೊಂದೇ ಹೆಜ್ಜೆ

ಮೂರೂ ಐಸಿಗಳಲ್ಲಿ ಕಾಲುಗಳ ಲೆಕ್ಕ ಒಂದೇ. 3 ಪ್ಲಸ್ ಇನ್‌ಪುಟ್, 2 ಮೈನಸ್ ಇನ್‌ಪುಟ್, 1 ಔಟ್‌ಪುಟ್. ಇನ್ನೊಂದು ಅರ್ಧಕ್ಕೆ 5, 6, 7 ಅದೇ ಕ್ರಮದಲ್ಲಿ. ಪ್ರತಿ ಐಸಿಯ 8 ಮತ್ತು 4ರ ಹತ್ತಿರವೇ 100 ನ್ಯಾನೋ ಒಂದೊಂದು ಗ್ರೌಂಡ್‌ಗೆ.

ಬಫರ್: ಮೊದಲ ಟಿಎಲ್072. ಗಿಟಾರ್ ಜ್ಯಾಕ್‌ನಿಂದ 1 ಕೆ, ಆಮೇಲೆ 100 ನ್ಯಾನೋ, 3ನೇ ಕಾಲಿಗೆ. ಆ ಕಾಲಿನಿಂದ ಗ್ರೌಂಡ್‌ಗೆ 1 ಮೆಗಾ ಓಮ್. 1 ಮತ್ತು 2 ಕೂಡಿಸಿ. ಇದರ ಔಟ್‌ಪುಟ್ ಎರಡು ದಾರಿ ಹಿಡಿಯುತ್ತದೆ, ಒಂದು ನೇರವಾಗಿ ಮಿಕ್ಸರ್‌ಗೆ, ಒಂದು ಸ್ಪ್ರಿಂಗ್ ಕಡೆಗೆ.

ಹಿಗ್ಗಿಸುವ ಹಂತ: ಅದೇ ಐಸಿಯ ಇನ್ನೊಂದು ಅರ್ಧ. ಬಫರ್‌ನಿಂದ 5ಕ್ಕೆ. 7ರಿಂದ 6ಕ್ಕೆ 10 ಕೆ, ಅದರ ಮೇಲೆ ಸಮಾಂತರವಾಗಿ 2.2 ನ್ಯಾನೋ. 6ರಿಂದ 1 ಕೆ ಮತ್ತು 10 ಮೈಕ್ರೋ ಮೂಲಕ ಗ್ರೌಂಡ್‌ಗೆ. ಇದು 11 ಪಟ್ಟು ಹಿಗ್ಗಿಸುತ್ತದೆ, ಅಂದರೆ ಗಿಟಾರ್‌ನ 100 ಮಿಲಿವೋಲ್ಟ್ 1.1 ವೋಲ್ಟ್ ಆಗುತ್ತದೆ. ಆ 2.2 ನ್ಯಾನೋ 7 ಕಿಲೋಹರ್ಟ್ಜ್ ಮೇಲಿನದನ್ನು ಕತ್ತರಿಸುತ್ತದೆ. ಸ್ಪ್ರಿಂಗ್‌ಗೆ ಹೇಗೂ ಅದು ಬೇಡ, ಡ್ರೈವರ್‌ಗೆ ಸುಮ್ನೆ ಭಾರ. 7ರಿಂದ 1 ಮೈಕ್ರೋ ಮೂಲಕ ಮೊದಲ ಪಾಟ್‌ನ ಮೇಲಿನ ತುದಿಗೆ, ಕೆಳತುದಿ ಗ್ರೌಂಡ್. ಇದೇ ಡ್ವೆಲ್ ಪಾಟ್, ಸ್ಪ್ರಿಂಗ್‌ಗೆ ಎಷ್ಟು ಏಟು ಅನ್ನೋದನ್ನು ತೀರ್ಮಾನಿಸುವುದು.

ಡ್ರೈವರ್: ಎನ್ಇ5532. 600 ಓಮ್ ಹೊರೆಯನ್ನೂ ಎಳೆಯುವ ಗಟ್ಟಿ ಐಸಿ ಅಂತಲೇ ಇಲ್ಲಿ ಇದು. ಡ್ವೆಲ್‌ನ ನಡುಕಾಲು 3ಕ್ಕೆ. ಔಟ್‌ಪುಟ್ 1ರಿಂದ ಆರ್‌ಸಿಎ ಸಾಕೆಟ್‌ನ ನಡುಪಿನ್‌ಗೆ. ಸಾಕೆಟ್‌ನ ಹೊರಬಳೆ 2ನೇ ಕಾಲಿಗೆ. ಗ್ರೌಂಡ್‌ಗೆ ಅಲ್ಲ, 2ನೇ ಕಾಲಿಗೆ. ಅದೇ 2ನೇ ಕಾಲಿನಿಂದ 330 ಓಮ್ ಮತ್ತು ಪೋಲಾರಿಟಿ ಇಲ್ಲದ 2.2 ಮೈಕ್ರೋ ಮೂಲಕ ಗ್ರೌಂಡ್‌ಗೆ. 1 ಮತ್ತು 2ರ ನಡುವೆ 10 ಕೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಟ್ಯಾಂಕ್‌ನ ಕಾಯಿಲ್ ಈಗ ಐಸಿಯ ಫೀಡ್‌ಬ್ಯಾಕ್ ದಾರಿಯಲ್ಲೇ, ಅಂದರೆ ಔಟ್‌ಪುಟ್ ವಾಪಸ್ ಇನ್‌ಪುಟ್‌ಗೆ ಬರುವ ದಾರಿಯಲ್ಲೇ ಕೂತಿದೆ. ಐಸಿ ತನ್ನ 2 ಮತ್ತು 3ನೇ ಕಾಲನ್ನು ಸಮ ಇಡಲು ಹೆಣಗುತ್ತದೆ. 3ರಲ್ಲಿ 1 ವೋಲ್ಟ್ ಇದ್ದರೆ 330 ಓಮ್ ಮೇಲೂ 1 ವೋಲ್ಟ್ ಬರಬೇಕು, ಅಂದರೆ 3 ಮಿಲಿಆಂಪ್. ಆ ಕರೆಂಟ್ ಬರುವುದು ಕಾಯಿಲ್ ಮೂಲಕವೇ. ಕಾಯಿಲ್‌ನ ತಡೆ ಏರಿದರೆ ಐಸಿ ಅಷ್ಟು ಜಾಸ್ತಿ ವೋಲ್ಟೇಜ್ ಕೊಟ್ಟು ಕರೆಂಟನ್ನು ಹಾಗೇ ಕಾಯುತ್ತದೆ. ನಮಗೆ ಬೇಕಿದ್ದದ್ದು ಇದೇ ಅಲ್ವಾ? 330 ಮತ್ತು 2.2 ಮೈಕ್ರೋ ಸೇರಿ ಸುಮಾರು 220 ಹರ್ಟ್ಜ್ ಕೆಳಗಿನ ದಪ್ಪ ಸ್ವರವನ್ನು ತಡೆಯುತ್ತವೆ. ಇಲ್ಲದಿದ್ದರೆ ಆರನೇ ತಂತಿ ಮೀಟಿದಾಗೆಲ್ಲ ಸ್ಪ್ರಿಂಗ್ ಕೆಸರೆರಚುತ್ತದೆ. ಫೆಂಡರ್‌ನ ವಾಲ್ವ್ ಸರ್ಕ್ಯೂಟ್‌ನಲ್ಲಿ 500 ಪಿಕೋ ಮತ್ತು 1 ಮೆಗಾ ಓಮ್ ಇದೇ ಕೆಲಸವನ್ನು ಸುಮಾರು 320 ಹರ್ಟ್ಜ್‌ನಲ್ಲಿ ಮಾಡುತ್ತವೆ. 10 ಕೆ ಇರೋದು ಕೇಬಲ್ ಕಿತ್ತಾಗ ಐಸಿ ದಿಕ್ಕು ತಪ್ಪದಿರಲಿ ಅಂತ.

ಈಗ ಐದನೇ ಅಕ್ಷರ ಯಾಕೆ ಸಿ ಆಗಬೇಕು ಅನ್ನೋದು ಗೊತ್ತಾಯಿತು. ಹೊರಬಳೆ ಎಲ್ಲಾದರೂ ಗ್ರೌಂಡ್‌ಗೆ ತಾಗಿದರೆ ಫೀಡ್‌ಬ್ಯಾಕ್ ಸತ್ತು ಹೋಗುತ್ತದೆ. ಟ್ಯಾಂಕ್‌ನಲ್ಲೂ ತಾಗಬಾರದು, ನಿಮ್ಮ ಡಬ್ಬಿಯ ತಗಡಿಗೂ ತಾಗಬಾರದು. ನಾನು ಸರಿಯಾದ ಟ್ಯಾಂಕ್ ತಂದ ಮೇಲೂ ಸಾಕೆಟ್‌ಗೆ ಪ್ಲಾಸ್ಟಿಕ್ ವಾಷರ್ ಹಾಕದೆ ತಿರುಪಿದ್ದೆ. ಕೇಳಿಸಿದ್ದು ಬರೀ ಗರ್ರ್ ಅನ್ನುವ ಒಡಕು ಸದ್ದು. ಎರಡು ಸಂಜೆ ಬೋರ್ಡ್ ತಿರುವಿ ಹಾಕಿದೆ. ತಪ್ಪು ಎಂಟಾಣೆ ಅಗಲದ ಒಂದು ವಾಷರ್‌ನದ್ದು.

ಎನ್ಇ5532ರ ಇನ್ನೊಂದು ಅರ್ಧಕ್ಕೆ ಕೆಲಸ ಇಲ್ಲ. 5ನ್ನು ಗ್ರೌಂಡ್‌ಗೆ ಹಾಕಿ, 6 ಮತ್ತು 7 ಕೂಡಿಸಿ ಮಲಗಿಸಿಬಿಡಿ. ರಿಕವರಿಯನ್ನು ಅಲ್ಲೇ ಕಟ್ಟಬಹುದು ನಿಜ. ಆದರೆ ಒಂದೇ ಮನೆಯಲ್ಲಿ ಒಬ್ಬ ಕೂಗುತ್ತಾ ಇನ್ನೊಬ್ಬ ಕಿವಿಗೊಟ್ಟು ಕೂರೋದು ಕಷ್ಟ.

ರಿಕವರಿ: ಎರಡನೇ ಟಿಎಲ್072. ಟ್ಯಾಂಕ್‌ನಿಂದ ಬರುವ ಆರ್‌ಸಿಎ ನಡುಪಿನ್ 3ಕ್ಕೆ, ಈ ಸಲ ಹೊರಬಳೆ ಗ್ರೌಂಡ್‌ಗೆ. ಎರಡರ ನಡುವೆ 47 ಕೆ. 1ರಿಂದ 2ಕ್ಕೆ 100 ಕೆ, 2ರಿಂದ 1 ಕೆ ಮತ್ತು 1 ಮೈಕ್ರೋ ಮೂಲಕ ಗ್ರೌಂಡ್‌ಗೆ. ಕೆಲವು ಮಿಲಿವೋಲ್ಟ್ ಇಲ್ಲಿ ನೂರು ಪಟ್ಟು ಆಗುತ್ತದೆ. 160 ಹರ್ಟ್ಜ್ ಕೆಳಗಿನ ಹೆಜ್ಜೆ ಸಪ್ಪಳ, ಬಾಗಿಲ ಸಪ್ಪಳ ಇಲ್ಲಿ ಮತ್ತಷ್ಟು ಕಡಿಮೆಯಾಗುತ್ತದೆ. ಬೇಕಿದ್ದರೆ 47 ಕೆ ಮೇಲೆ 4.7 ನ್ಯಾನೋ ಹಾಕಿ ನೋಡಿ. ಅದು ಕಾಯಿಲ್ ಜೊತೆ 4 ಕಿಲೋಹರ್ಟ್ಜ್ ಆಸುಪಾಸಿನಲ್ಲಿ ಅನುರಣಿಸಿ ಸದ್ದಿಗೆ ಹೊಳಪು ಕೊಡುತ್ತದೆ. ನನ್ನ ಆಂಪ್ ಮೊದಲೇ ಚುರುಕು, ತೆಗೆದುಬಿಟ್ಟೆ. 1ರಿಂದ 1 ಮೈಕ್ರೋ ಮೂಲಕ ಎರಡನೇ ಪಾಟ್‌ಗೆ, ಇದು ಮಿಕ್ಸ್.

ಮಿಕ್ಸರ್: ಅದೇ ಐಸಿಯ 5 ಗ್ರೌಂಡ್‌ಗೆ. ಬಫರ್‌ನಿಂದ 22 ಕೆ, ಮಿಕ್ಸ್ ಪಾಟ್‌ನ ನಡುಕಾಲಿನಿಂದ ಇನ್ನೊಂದು 22 ಕೆ, ಎರಡೂ 6ಕ್ಕೆ. 6ರಿಂದ 7ಕ್ಕೆ ಮೂರನೇ 22 ಕೆ, ಜೊತೆಗೆ 100 ಪಿಕೋ. 7ರಿಂದ 100 ಓಮ್, 10 ಮೈಕ್ರೋ, ಔಟ್‌ಪುಟ್ ಜ್ಯಾಕ್. ಜ್ಯಾಕ್‌ನಲ್ಲಿ ಗ್ರೌಂಡ್‌ಗೆ 100 ಕೆ ಹಾಕಿದರೆ ಕೇಬಲ್ ಚುಚ್ಚುವಾಗ ಟಪ್ ಅನ್ನೋದಿಲ್ಲ. ಬೋರ್ಡ್‌ನ ಗ್ರೌಂಡ್ ತಗಡಿಗೆ ಮುಟ್ಟುವುದು ಒಂದೇ ಜಾಗದಲ್ಲಿ, ಇನ್‌ಪುಟ್ ಜ್ಯಾಕ್ ಹತ್ತಿರ. ಔಟ್‌ಪುಟ್ ಜ್ಯಾಕ್ ಪ್ಲಾಸ್ಟಿಕ್‌ನದಾಗಿದ್ದರೆ ಇದು ಸುಲಭ.

ಅರ್ಧರ್ಧ ಮಾಡಿ ಪರೀಕ್ಷೆ

ಟ್ಯಾಂಕ್ ಇಲ್ಲದೆ ಮೊದಲು ಗಿಟಾರ್ ನುಡಿಸಿ. ಒಣ ಸದ್ದು ಇದ್ದ ಹಾಗೇ ಬರಬೇಕು. ಬಂದರೆ ಬಫರ್, ಮಿಕ್ಸರ್ ಸರಿ ಇವೆ.

ಆಮೇಲೆ ಟ್ಯಾಂಕ್‌ನ ಹೊರಬರುವ ಕೇಬಲ್ ಮಾತ್ರ ಚುಚ್ಚಿ. ಆಂಪ್ ವಾಲ್ಯೂಮ್ ತಗ್ಗಿಸಿ, ಮಿಕ್ಸ್ ಅರ್ಧ ಏರಿಸಿ, ಬೆರಳಿನಿಂದ ತಗಡನ್ನು ಮೆಲ್ಲಗೆ ತಟ್ಟಿ. ಗುಡುಗು ಬಂದರೆ ರಿಕವರಿ ಸರಿ. ವಾಲ್ಯೂಮ್ ತಗ್ಗಿಸದೆ ತಟ್ಟಬೇಡಿ. ನಾನು ತಟ್ಟಿದಾಗ ಅಡುಗೆಮನೆಯಿಂದ ಅವ್ವ ಓಡಿ ಬಂದಿದ್ದಳು.

ಕೊನೆಗೆ ಒಳಬರುವ ಕೇಬಲ್ ಚುಚ್ಚಿ ನುಡಿಸಿ. ತಟ್ಟಿದಾಗ ಗುಡುಗು ಬರುತ್ತದೆ, ನುಡಿಸಿದರೆ ರಿವರ್ಬ್ ಇಲ್ಲ ಅಂದರೆ ತಪ್ಪು ಡ್ರೈವರ್ ಕಡೆಗಿದೆ. ತೀರಾ ಕ್ಷೀಣವಾಗಿ ಕೇಳಿದರೆ ಎರಡು ಕೇಬಲ್ ಅದಲುಬದಲಾಗಿವೆಯಾ ನೋಡಿ. ಒಡಕು ಸದ್ದು ಬಂದರೆ ಆ ವಾಷರ್ ನೆನಪಿರಲಿ: ಕರೆಂಟ್ ತೆಗೆದು, ಟ್ಯಾಂಕ್ ಚುಚ್ಚಿದಂತೆಯೇ ಡ್ರೈವರ್ ಸಾಕೆಟ್‌ನ ಹೊರಬಳೆಗೂ ಡಬ್ಬಿಗೂ ನಡುವೆ ಬೀಪ್ ಬರುತ್ತದಾ ಮೀಟರ್‌ನಲ್ಲಿ ಕೇಳಿ. ಬರಬಾರದು.

ಟ್ಯಾಂಕ್ ಕೂರಿಸೋದು

ಕಾಂಬೋ ಆಂಪ್‌ನ (ಸ್ಪೀಕರ್ ಒಳಗೇ ಇರುವ ಆಂಪ್) ಮರದ ಪೆಟ್ಟಿಗೆಯ ತಳ ಇದಕ್ಕೆ ಜಾಗ. ತಿರುಪು ಹಾಕುವ ಮುಂಚೆ ಎಲ್ಲಾ ಆನ್ ಮಾಡಿ, ಮಿಕ್ಸ್ ಪೂರ್ತಿ ಏರಿಸಿ, ಟ್ಯಾಂಕನ್ನು ಕೈಯಲ್ಲಿ ಹಿಡಿದು ತಳದ ಮೇಲೆ ಮೆಲ್ಲಗೆ ಸರಿಸುತ್ತಾ ಹೋಗಿ, ದಿಕ್ಕು ಬದಲಿಸಿ. ಗುಂಯ್ ಏರುವುದು, ಇಳಿಯುವುದು ಕಿವಿಗೇ ಗೊತ್ತಾಗುತ್ತದೆ. ಹೊರಬರುವ ತುದಿ ಪವರ್ ಟ್ರಾನ್ಸ್‌ಫಾರ್ಮರ್‌ನಿಂದ ಎಷ್ಟು ದೂರವೋ ಅಷ್ಟು ಒಳ್ಳೆಯದು. ಸದ್ದು ಅತಿ ಕಡಿಮೆ ಇರುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಈ ಹತ್ತು ನಿಮಿಷ ಉಳಿಸಲು ಹೋದರೆ ಆಮೇಲೆ ಹತ್ತು ದಿನ ಹೋಗುತ್ತದೆ.

ಎರಡನೇ ಶತ್ರು ಸ್ಪೀಕರ್‌ನ ಅದುರು. ಪೆಟ್ಟಿಗೆ ಅದುರಿದರೆ ಸ್ಪ್ರಿಂಗ್ ಅದುರುತ್ತದೆ, ಅದು ಮತ್ತೆ ಸ್ಪೀಕರ್‌ನಲ್ಲಿ ಬರುತ್ತದೆ, ಕೊನೆಗೆ ಊಳಿಡುತ್ತದೆ. ಟ್ಯಾಂಕ್‌ನ ಒಳತಟ್ಟೆ ನಾಲ್ಕು ಸಣ್ಣ ಸ್ಪ್ರಿಂಗ್ ಮೇಲೆ ತೂಗುತ್ತಿರುತ್ತದೆ, ಅದನ್ನು ಬಿಗಿಯಬೇಡಿ. ಹೊರತಟ್ಟೆಯ ಮೂಲೆಗಳಿಗೆ ರಬ್ಬರ್ ಗ್ರಾಮೆಟ್ ಹಾಕಿ, ತಿರುಪು ಕಚ್ಚಿದರೆ ಸಾಕು, ಹಿಂಡಬಾರದು. ಹಳೇ ಫೆಂಡರ್‌ಗಳಲ್ಲಿ ಟ್ಯಾಂಕನ್ನು ರೆಕ್ಸಿನ್ ಚೀಲದಲ್ಲಿ ಇಡುತ್ತಿದ್ದರು. ನಾನು ಬೈಕ್ ಸೀಟ್ ಕವರ್ ಹೊಲಿಯುವವರ ಹತ್ತಿರ ಅಂಥದ್ದೇ ಹೊಲಿಸಿದೆ, ಒಳಗೆ ಹಳೇ ಕೌದಿಯ ಎರಡು ಪದರ. ಬಾಯಿ ಕೆಳಕ್ಕೆ ಇರುವುದರಿಂದ ಬಟ್ಟೆ ಮೇಲೆದ್ದು ಸ್ಪ್ರಿಂಗ್‌ಗೆ ತಾಗುವ ಭಯ ಇದೆ, ನಡುವೆ ಒಂದು ದಪ್ಪ ರಟ್ಟು ಇಡಿ. ನಾನು ಮೊದಲು ಪರೀಕ್ಷೆ ಮಾಡಿದ್ದು ಶಹಾಬಾದ್ ಪರಸಿಯ ನೆಲದ ಮೇಲೆ. ಕಲ್ಲು ಅದುರುವುದಿಲ್ಲ, ಎಲ್ಲಾ ಚೆನ್ನಾಗಿತ್ತು. ಪೆಟ್ಟಿಗೆಯೊಳಗೆ ಇಟ್ಟ ಮೇಲೆಯೇ ನಿಜ ಗೊತ್ತಾಗಿದ್ದು.

ಆಂಪ್‌ಗೆ ಎಲ್ಲಿ ಸೇರಿಸೋದು

ಆಂಪ್‌ನಲ್ಲಿ ಎಫೆಕ್ಟ್ಸ್ ಲೂಪ್ (ಸಿಗ್ನಲ್ಲನ್ನು ನಡುವೆ ಹೊರಗೆ ಕಳಿಸಿ ವಾಪಸ್ ತರುವ ಎರಡು ಜ್ಯಾಕ್) ಇದ್ದರೆ ಅಲ್ಲಿ ಸೇರಿಸಿ. ಅಲ್ಲಿ ಸಿಗ್ನಲ್ ಮೊದಲೇ ದೊಡ್ಡದಿರುವುದರಿಂದ ಡ್ವೆಲ್ ಕಡಿಮೆ ಸಾಕು. ಲೂಪ್ ಇಲ್ಲದಿದ್ದರೆ ಗಿಟಾರ್ ಮತ್ತು ಆಂಪ್ ನಡುವೆ ಇಡಿ. ಕ್ಲೀನ್ ಸದ್ದಿಗೆ ಅದೂ ಚೆನ್ನ. ಡಿಸ್ಟಾರ್ಷನ್ ಪೆಡಲ್ ಇದ್ದರೆ ಅದು ರಿವರ್ಬ್‌ಗಿಂತ ಮೊದಲು ಇರಲಿ. ರಿವರ್ಬ್ ಆದ ಮೇಲೆ ಹಾಕಿದರೆ ಅದರ ಬಾಲವೂ ಹರಿದುಹೋಗಿ ಎಲ್ಲಾ ಕಲಸುಮೇಲೋಗರ.

ವಾಲ್ವ್ ಆಂಪ್ ಇರುವವರಿಗೆ ಒಂದೇ ಮಾತು: ಒಳಗೆ ಕೈ ಹಾಕಬೇಡಿ. 300–450 ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಉಳಿದಿರುತ್ತದೆ, ಆ ವೋಲ್ಟೇಜ್ ಜೀವ ತೆಗೆಯುತ್ತದೆ. ನಮ್ಮದು ಬೇರೆ ಡಬ್ಬಿ, ಹೊರಗಿನಿಂದಲೇ ಸೇರಿಸಿ.

ರಿವರ್ಬ್ ಡಬ್ಬಿ, ಆಂಪ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ. ಬೇಸಿಗೆಯಲ್ಲಿ ಮಾತ್ರ ಗುಂಯ್ ಏರುತ್ತದೆ ಅಂದರೆ ಮನೆಯ ಅರ್ಥಿಂಗ್ ಗುಂಡಿ ನೋಡಿ. ನಮ್ಮ ಕಪ್ಪು ಮಣ್ಣು ಒಣಗಿ ಬಿರುಕು ಬಿಟ್ಟಾಗ ಅರ್ಥ್ ರಾಡ್‌ಗೆ ಹಿಡಿತ ತಪ್ಪುತ್ತದೆ. ನಮ್ಮ ಮನೆಯಲ್ಲಿ ಎರಡು ಕೊಡ ನೀರು ಹಾಕಿದ ಮೇಲೆ ಸದ್ದು ಇಳಿಯಿತು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ 2–3 ವೋಲ್ಟ್‌ಗಿಂತ ಜಾಸ್ತಿ ಇದ್ದರೆ ಎಲೆಕ್ಟ್ರಿಷಿಯನ್ ಕರೆಸಿ.

ಪಾಟ್ ತಿರುಗಿಸೋದು

ಡ್ವೆಲ್ ಅರ್ಧ, ಮಿಕ್ಸ್ ಕಾಲು ಭಾಗದಿಂದ ಶುರು ಮಾಡಿ. ಡ್ವೆಲ್ ಏರಿಸಿದರೆ ತೊಟ್ಟಿಕ್ಕುವ ಸದ್ದು ಜಾಸ್ತಿ, ಮಿಕ್ಸ್ ಏರಿಸಿದರೆ ಕೋಣೆ ದೊಡ್ಡದು. ಹಂಬಕರ್ (ಎರಡು ಕಾಯಿಲ್‌ನ ಪಿಕಪ್) ಇರುವ ಗಿಟಾರ್‌ನ ಸಿಗ್ನಲ್ ದೊಡ್ಡದು, ಜೋರಾಗಿ ಬಾರಿಸಿದರೆ ಡ್ರೈವರ್‌ನಲ್ಲಿ ಸದ್ದು ಒಡೆಯಬಹುದು. ಆಗ ಡ್ವೆಲ್ ಇಳಿಸಿ ಮಿಕ್ಸ್ ಏರಿಸಿ. ಅದು ಸಾಲದಿದ್ದರೆ 330 ಬದಲು 470 ಓಮ್ ಹಾಕಿ. ಬಿಡಿ ಸ್ವರ ನಿಧಾನಕ್ಕೆ ನುಡಿಸುವಾಗ ಧಾರಾಳ ಇರಲಿ, ಬ್ಯಾಂಡ್ ಜೊತೆ ನುಡಿಸುವಾಗ ನಿಮಗೆ ಸಾಕು ಅನ್ನಿಸಿದ್ದಕ್ಕಿಂತ ಸ್ವಲ್ಪ ಕಮ್ಮಿ.

ಹೊತ್ತೊಯ್ಯುವಾಗ

ಲಾಕ್ ಇಲ್ಲದ ಟ್ಯಾಂಕನ್ನು ಬಸ್ಸಿನಲ್ಲಿ ಹಾಗೇ ಒಯ್ದರೆ ಸ್ಪ್ರಿಂಗ್ ಕುಣಿದು ಕೊಕ್ಕೆ ಕಳಚಬಹುದು. ಅಡಿಯಿಂದ ಸ್ಪ್ರಿಂಗ್‌ಗಳ ಕೆಳಗೆ ಮೆತ್ತನೆಯ ಫೋಮ್ ತುಂಡೊಂದನ್ನು ಹಗುರವಾಗಿ ಸಿಕ್ಕಿಸಿ, ಹೊರಗೆ ಒಂದು ಕೆಂಪು ದಾರ ನೇತಾಡಲಿ. ಆ ದಾರ ನನ್ನ ಅನುಭವದ್ದು. ಹೋದ ವರ್ಷ ಗಣಪತಿ ಹಬ್ಬಕ್ಕೆ ಜೇವರ್ಗಿ ಕಡೆ ನುಡಿಸಲು ಹೋಗಿದ್ದೆ. ಪೆಂಡಾಲ್‌ನಲ್ಲಿ ರಿವರ್ಬ್ ಸುತರಾಂ ಇಲ್ಲ. ಫ್ಯೂಸ್ ನೋಡಿದೆ, ಕೇಬಲ್ ಬದಲಿಸಿದೆ, ಐಸಿ ಒತ್ತಿದೆ. ಒಣ ಗಿಟಾರ್‌ನಲ್ಲೇ ಇಡೀ ಕಾರ್ಯಕ್ರಮ ಮುಗಿಸಿ ಮನೆಗೆ ಬಂದು ಚೀಲ ಬಿಚ್ಚಿದರೆ ಫೋಮ್ ಸ್ಪ್ರಿಂಗ್ ಕೆಳಗೇ ಇತ್ತು.